ಹೆಬ್ಬೆಟ್ಟಿನ ಬಿಳಿ ಗೆರೆ

ಬೇವಿನ ಹಣ್ಣೊಂದು ಟಪ್ಪನೆ ಜಗಲಿಯ ಕಲ್ಲಿನ ಮೇಲೆ ಬಿತ್ತು, ಒಡೆಯಿತು, ಇರುವೆಗಳಿಗೆ ಆಗಲೇ ಸುದ್ದಿ ಮುಟ್ಟಿದೆ, ಸಾಲು ಹಿಡಿದು ಬರುತ್ತಿವೆ, ಅವಕ್ಕೆ ಅರ್ಜಿ ಬೇಡ, ಮೊಹರು ಬೇಡ, ಬೇಕಾದಲ್ಲಿಗೆ ಹೋಗುತ್ತವೆ — ನಾನು ಮಾತ್ರ ಬೆಳಿಗ್ಗೆಯಿಂದ ಚಳ್ಳಕೆರೆ ತಾಲ್ಲೂಕು ಕಚೇರಿಯ ಈ ಜಗಲಿಯ ಮೇಲೆ, ಬಲಗೈ ಹೆಬ್ಬೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ, ಹಳೇ ಸೀರೆಯ ಮೆತ್ತನೆ ಚೂರು ಸುತ್ತಿದೆ, ಒಳಗೆ ಬೆಣ್ಣೆ, ಹಸುಗೂಸಿನ ಹಾಗೆ ಬೆಚ್ಚಗಿದೆ. ಬಿಚ್ಚಬ್ಯಾಡ, ಗುಮಾಸ್ತ ಕರೆದ ಮ್ಯಾಲೆ ಬಿಚ್ಚೀಯಂತೆ, ಅನ್ನುತ್ತಾರೆ ಅತ್ತೆ ವೀರಮ್ಮ, ಎಲೆಗೆ ಸುಣ್ಣ ಸವರುತ್ತಾ, ನಾನು ಬಿಚ್ಚುವ ಯೋಚನೆ ಮಾಡಿದ್ದು ಅವರಿಗೆ ಹೇಗೆ ತಿಳಿಯಿತೋ, ಎಲೆಯ ಮೇಲೇ ಕಣ್ಣಿಟ್ಟುಕೊಂಡು ಪಕ್ಕದವರ ಮನಸ್ಸು ಓದುವ ಹೆಂಗಸು. ಮೊಳಕಾಲ್ಮೂರಿನಿಂದ ಎರಡು ದಿನ ಗಾಡಿಯಲ್ಲಿ ಬಂದೆವು, ದಾದಾಪೀರ್ ಅಲ್ಲಿ ಮರದಡಿ ಎತ್ತುಗಳಿಗೆ ಸೊಪ್ಪೆ ಹಾಕುತ್ತಿದ್ದಾನೆ, ರೇಷ್ಮೆ ಸೀರೆ ಹೊತ್ತು ಊರೂರು ತಿರುಗುವವನು, ನಮ್ಮನ್ನೂ ಗಂಟಿನ ಜೊತೆ ಗಂಟಿನ ಹಾಗೆ ತಂದ. ನನ್ನ ತವರು ಈ ಚಳ್ಳಕೆರೆಯೇ, ಮದುವೆ ಇಲ್ಲೇ ಆದದ್ದು, ಆದದ್ದಕ್ಕೆ ಇಲ್ಲಿನ ಅಮಲ್ದಾರರೇ ಬರೆದುಕೊಡಬೇಕು, ಬರೆದದ್ದು ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ಮದರಾಸಿಗೆ, ಅಲ್ಲಿಂದ ಹಡಗಿನಲ್ಲಿ ಕಡಲಾಚೆಯ ನೆಟಾಲ್ ದೇಶಕ್ಕೆ, ಅಲ್ಲಿ ನಮ್ಮವರಿದ್ದಾರೆ, ನನ್ನ ಗಂಡ. ಕಾಗದದ ಮೇಲೆ ನನ್ನ ಹೆಬ್ಬೆಟ್ಟು ಇರಬೇಕು, ದರ್ಬನ್ ಬಂದರಿನಲ್ಲಿ ಇಳಿದ ಕೂಡಲೇ ಇನ್ನೊಂದು ಸಲ ಒತ್ತಿಸಿಕೊಂಡು ಎರಡನ್ನೂ ಹಿಡಿದು ನೋಡುತ್ತಾರಂತೆ, ಹೋಲಿದರೆ ಒಳಗೆ, ಹೋಲದಿದ್ದರೆ ಬಂದ ಹಡಗಿನಲ್ಲೇ ವಾಪಸ್ಸು. ಒಂದು ಸಲ ಒತ್ತಿದ್ದು ಕೆಟ್ಟಿದೆ. ಇವತ್ತಿನದೂ ಕೆಟ್ಟರೆ ಅರ್ಜಿಯೇ ಮುಗಿಯಿತು ಅಂತ ಜವಾನ ಹೇಳಿ ಹೋಗಿದ್ದಾನೆ. ಏಳು ವರ್ಷ ಆಯಿತು ನಮ್ಮವರು ಹೋಗಿ. ಹೆಬ್ಬೆಟ್ಟು ಎಷ್ಟು ಅಗಲ ಇದ್ದೀತು, ಒಂದು ಹುಣಸೆಬೀಜದಷ್ಟು ಜಾಗ, ನನ್ನ ಸಂಸಾರ ಎಲ್ಲ ಅದರ ಮೇಲೆ ಕೂತಿದೆ —

ಅವರ ಹೆಬ್ಬೆಟ್ಟು ನನಗೆ ಚೆನ್ನಾಗಿ ಗೊತ್ತು. ಮದುವೆಯಾದ ವರ್ಷ, ಮಗ್ಗದ ಗೂಟ ಕೆತ್ತುತ್ತಾ ಕೂತಿದ್ದರು, ಉಳಿ ಜಾರಿತು, ಹೆಬ್ಬೆಟ್ಟು ಅಡ್ಡಕ್ಕೆ ಸೀಳಿತು, ನಾನು ಅರಿಸಿನ ಒತ್ತಿ, ಕೈಗೆ ಸಿಕ್ಕಿದ ರೇಷ್ಮೆಯ ಕಸದ ಎಳೆಯಲ್ಲೇ ಕಟ್ಟಿದೆ, ಹದಿನಾರು ವರ್ಷದವಳು, ಗಂಡನ ಕೈ ಅಷ್ಟು ಹೊತ್ತು ಹಗಲಿನಲ್ಲಿ ಹಿಡಿದದ್ದು ಅದೇ ಮೊದಲು, ಕಟ್ಟಿ ಮುಗಿದರೂ ಬಿಡಲಿಲ್ಲ. ಉಳ್ಳಾರ್ತಿ ಕಾವಲಿನ ಸರ್ಕಾರಿ ದನಕ್ಕೆ ಮುದ್ರೆ ಒತ್ತುತ್ತಾರಲ್ಲ ಹಂಗಾತು ಬಿಡು, ಇನ್ನು ಎಲ್ಲಿ ಮೇಯಾಕೆ ಹೋದ್ರೂ ಯಾರ ಮನೇದು ಅಂತ ಗೊತ್ತಾಗ್ತೈತೆ, ಅಂದರು, ನಕ್ಕರು, ನಗುವಾಗ ಅವರ ಎಡಗಣ್ಣು ಸ್ವಲ್ಪ ಮುಚ್ಚುತ್ತದೆ, ಈಗಲೂ ಮುಚ್ಚುತ್ತದೋ ಏನೋ. ಆಮೇಲೆ ಪ್ಲೇಗು ಬಂತು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದೆವು, ಮಗ್ಗ ಬೀಗ ಹಾಕಿದ ಮನೆಯೊಳಗೆ, ನೇಯುವ ಕೈ ಹೊಲದಲ್ಲಿ ಕೂತು ಕಲ್ಲು ಎಣಿಸುತ್ತಿತ್ತು. ಮಿಕ್ಕಿದ್ದ ಎರಡು ಸೀರೆ ಮಾರಿ ಬರ್ತೀನಿ ಅಂತ ರಾಯದುರ್ಗಕ್ಕೆ ಹೋದರು. ಅಲ್ಲಿ ಯಾರೋ ಒಬ್ಬ ಕೆಂಪು ರುಮಾಲಿನವನು, ಕೂಲಿಗೆ ಜನ ಕೂಡಿಸುವವನು, ಹಡಗು, ಕಬ್ಬಿನ ತೋಟ, ಐದು ವರ್ಷ ಅಂದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅಂದನಂತೆ. ನಮ್ಮವರು ಮಗ್ಗದ ಮುಂದೆ ಬಲು ಜಾಣರು, ಮಗ್ಗ ಬಿಟ್ಟು ನಾಲ್ಕು ಹೆಜ್ಜೆ ಹೋದರೆ ಯಾರು ಏನು ಹೇಳಿದರೂ ಹೌದು ಅನ್ನುವವರು. ಸಂಜೆ ಬರುತ್ತಾರೆ ಅಂತ ರೊಟ್ಟಿ ತಟ್ಟಿ ಮುಚ್ಚಿಟ್ಟೆ. ಒಂದು ವರ್ಷದ ಮೇಲೆ ಕಾಗದ ಬಂತು, ತೆಲುಗಿನಲ್ಲಿ, ಅಲ್ಲಿ ಕನ್ನಡ ಬರೆಯುವವರು ಸಿಗಲಿಲ್ಲವಂತೆ, ದಾದಾಪೀರ್ ಓದಿದ, ಮನೆಯಲ್ಲಿ ಉರ್ದು ಆಡುವ ಸಾಬರ ಬಾಯಲ್ಲಿ ತೆಲುಗಿನಲ್ಲಿ ನನ್ನ ಗಂಡ, ಬಾಗುನ್ನಾವಾ ಅಂತ ಕೇಳಿದರು, ಚೆನ್ನಾಗಿದ್ದೀಯಾ ಅಂತ, ನಾನು ತಲೆ ಆಡಿಸಿದೆ, ದಾದಾಪೀರ್ ನನಗೆ ಹೇಳಬ್ಯಾಡ ಅಕ್ಕಾ, ನಾನು ಬರೇ ಬಾಯಿ, ಅಂದ. ಆ ಕಾಗದದ ಕೊನೆಯಲ್ಲಿ ಸಹಿಯ ಬದಲು ಹೆಬ್ಬೆಟ್ಟು ಇತ್ತು. ಕಪ್ಪು ಬೊಟ್ಟು, ಅದರೊಳಗೆ ಸುಳಿ ಸುಳಿಯಾಗಿ ನೀರಿನ ಮೇಲೆ ಗಾಳಿ ಆಡಿದ ಹಾಗೆ, ನಟ್ಟನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ, ಮಗ್ಗದ ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಬಟ್ಟೆಯ ಉದ್ದಕ್ಕೂ ಕಾಣುತ್ತದಲ್ಲ ಹಾಗೆ. ನಾನು ಕಟ್ಟಿದ ಗಾಯ. ಓದಿದ್ದು ಯಾರ ಬಾಯಾದರೂ ಇರಲಿ, ಬರೆದದ್ದು ಯಾರ ಕೈಯಾದರೂ ಇರಲಿ, ಆ ಬಿಳಿ ಗೆರೆ ಮಾತ್ರ ನಮ್ಮವರದೇ. ಐದು ಕಾಗದ ಬಂದಿವೆ, ಐದರ ಕೊನೆಗೂ ಅದೇ ಗೆರೆ.

ಏಳು ವರ್ಷ ಗಂಡಸು ಒಬ್ಬನೇ ಇರ್ತಾನೇನೇ ಹೊನ್ನಕ್ಕ, ಅಂದಳು ಪಕ್ಕದ ಮನೆ ರಂಗಕ್ಕ, ಬಾವಿಕಟ್ಟೆಯ ಮೇಲೆ, ನಾಲ್ಕು ಜನ ಕೇಳಿಸಿಕೊಳ್ಳಲಿ ಅಂತಲೇ, ಅಲ್ಲೊಬ್ಬಾಕೆ ಇರ್ತಾಳೆ, ಆಕೆಗೆ ನೀರು ಹೊರಾಕೆ ನಿನ್ನ ಕರೆಸ್ತಾನೆ. ಇದ್ರೆ ಇರ್ಲಿ ಬಿಡೇ, ಇಬ್ಬರೂ ಕಾಲು ಚಾಚಿ ಕೂತು ಅವರ ಕೈಲೇ ನೀರು ಹೊರಿಸ್ತೀವಿ, ಅಂದೆ, ಎಲ್ಲರೂ ನಕ್ಕರು, ರಂಗಕ್ಕನೂ ನಕ್ಕಳು, ನಾನು ಕೊಡ ಹೊತ್ತು ಮನೆಗೆ ಬಂದು ಒಲೆಗೆ ಹಸಿ ಸೌದೆ ಹಾಕಿದೆ, ಕಣ್ಣಲ್ಲಿ ನೀರು ಬಂದರೆ ಹೊಗೆ ಅನ್ನಬಹುದಲ್ಲ. ಆದರೆ ಹೊಸ ಕಾನೂನು ಬಂದಿದೆ ಅಂತ ಅವರ ಕಾಗದ ಬಂದಾಗ ದಾದಾಪೀರ್ ಎರಡೆರಡು ಸಲ ಓದಿದ, ಆ ದೇಶದಲ್ಲಿ ಒಬ್ಬ ಗಂಡಸು ಒಬ್ಬಳೇ ಹೆಂಡತಿಯ ಹೆಸರು ಬರೆಸಬೇಕು, ಒಂದೇ ಸಲ ಬರೆಸಬೇಕು, ಬರೆಸಿದ ಮೇಲೆ ಬೇರೆಯವಳನ್ನು ಕರೆಸುವ ಹಾಗಿಲ್ಲ. ನಾ ಭಾರ್ಯ ಹೊನ್ನಕ್ಕ, ಒಕ್ಕತೇ. ನನ್ನ ಹೆಂಡತಿ ಹೊನ್ನಕ್ಕ, ಒಬ್ಬಳೇ. ಒಕ್ಕತೇ — ಆ ತೆಲುಗು ಮಾತನ್ನು ರೊಟ್ಟಿ ತಟ್ಟುವಾಗ, ಎಳೆ ಹೊಸೆಯುವಾಗ, ಬಾಯೊಳಗೇ ಇಟ್ಟುಕೊಂಡು ಕಲ್ಲುಸಕ್ಕರೆ ಹಾಗೆ ಕರಗಿಸಿದ್ದೇನೆ. ಹೋದ ದೀಪಾವಳಿಗೆ ಮೊದಲ ಸಲ ಇಲ್ಲಿಗೆ ಬಂದದ್ದು. ಪಟೇಲ ದೊಡ್ಡಪಾಲಯ್ಯನವರನ್ನು ಸಾಕ್ಷಿಗೆ ಕರೆದಿದ್ದರು, ಮದುವೆ ನಡೆದದ್ದು ಕಣ್ಣಾರೆ ಕಂಡಿರಾ ಅಂದರು ಅಮಲ್ದಾರರು. ಧಾರೆ ಹೊತ್ತಿಗೆ ನಾನು ಪಂಕ್ತೀಲಿ ಜಾಗ ಹಿಡಿದು ಕೂತಿದ್ದೆ ಬುದ್ಧಿ, ಹೋಳಿಗೆ ಕಂಡೀನಿ, ಏಳು ತಿಂದೀನಿ, ಮದುವೆ ಇಲ್ದೆ ಯಾರು ಹೋಳಿಗೆ ಬಡಿಸ್ತಾರೆ. ಅಮಲ್ದಾರರು ಮೀಸೆಯೊಳಗೇ ನಕ್ಕು ಬರೆದುಕೊಂಡರು. ಆಗ ಇದ್ದ ಮುದುಕ ಗುಮಾಸ್ತ ಮಸಿ ಸವರಿದ ತಗಡು ಮುಂದಿಟ್ಟು, ಮುತ್ತೈದೆ, ಮದುವೆ ಕಾಗದ, ಬಲಗೈ ಕೊಡಮ್ಮ, ಅಂದ, ನನಗೂ ಸರಿ ಅನಿಸಿತು, ಶುಭಕ್ಕೆ ಯಾರಾದರೂ ಎಡಗೈ ಚಾಚುತ್ತಾರೆಯೇ. ಒತ್ತಿದೆ. ಏಳು ತಿಂಗಳು ಕಾದದ್ದಕ್ಕೆ ಜವಾನ ಬಂದು ಹೇಳಿದ್ದು, ಬೆರಳೇ ಕಾಣ್ತಿಲ್ವಂತೆ, ಬರೀ ಮಸಿ ಬೊಟ್ಟಂತೆ, ಇನ್ನೊಂದು ದಪ ಒತ್ತಬೇಕಂತೆ.

ಹೇಗೆ ಕಂಡೀತು. ಒಂದು ಸೀರೆ ಮುಗಿದು ಇನ್ನೊಂದರ ಹಾಸು ಏರಿಸುವಾಗ ಹಳೇ ಎಳೆಯ ಬಾಲಕ್ಕೆ ಹೊಸ ಎಳೆಯ ತಲೆ ಕೂಡಿಸಿ ಹೊಸೆಯಬೇಕು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೆಬ್ಬೆಟ್ಟಿನಿಂದ ಒಂದೇ ಉಜ್ಜು, ಒಂದು ಎಳೆ, ಮತ್ತೊಂದು, ಸಾವಿರ, ಮತ್ತೂ ಸಾವಿರ, ಗಂಡಸರು ನೇಯುತ್ತಾರೆ, ಹೊಸೆಯುವುದು ನಾವು. ಒಂಬತ್ತು ವರ್ಷ ಹೊಸೆದಿದ್ದೇನೆ, ನನ್ನ ಹೆಬ್ಬೆಟ್ಟು ಹೊಳೆಯ ಗುಂಡುಕಲ್ಲಿನ ಹಾಗೆ ನುಣ್ಣಗಾಗಿದೆ, ಅದರಲ್ಲಿ ಸುಳಿ ಇತ್ತು ಅನ್ನುವುದೇ ಮರೆತಿತ್ತು. ಅತ್ತೆ ನನ್ನ ಕೈ ಎಳೆದುಕೊಂಡು ಬೆಳಕಿಗೆ ಹಿಡಿದು ನೋಡಿದರು, ಬಹಳ ಹೊತ್ತು ನೋಡಿದರು, ಆಮೇಲೆ ಒಳಗೆ ಹೋಗಿ ಬೆಣ್ಣೆ ತಂದರು. ನಲವತ್ತು ದಿನ ಈ ಬೆರಳು ಬಾಣಂತಿ, ನೀರು ಮುಟ್ಟಂಗಿಲ್ಲ, ಬೂದಿ ಮುಟ್ಟಂಗಿಲ್ಲ, ನಾನು ಹೊಸೀತೀನಿ, ಅಂದರು, ಕಣ್ಣು ಮಂಜಾದ ಹೆಂಗಸು, ಎಳೆ ಬಿಟ್ಟು ಗಾಳಿ ಹೊಸೆಯುತ್ತಿದ್ದರು, ನಾಗೇಂದ್ರಪ್ಪ ಭಾವ ಮಗ್ಗದ ಕುಣಿಯಲ್ಲಿ ಕೂತು ಕಾಯುತ್ತಾ ಉಗುಳು ನುಂಗುತ್ತಿದ್ದರು, ತಾಯಿಗೆ ಏನೂ ಅನ್ನುವ ಹಾಗಿಲ್ಲ. ನನಗೆ ನೋಡಲಾಗಲಿಲ್ಲ. ಎರಡು ಕೈ ಕೊಟ್ಟಿದ್ದಾನಲ್ಲ ದೇವರು, ಒಂದು ಬಾಣಂತಿಯಾದರೆ ಇನ್ನೊಂದು ದುಡಿಯಲಿ — ಎಡಗೈಯಲ್ಲಿ ಹೊಸೆಯಲು ಕಲಿತೆ. ಮೊದಲು ಸೊಟ್ಟ, ಸಿಕ್ಕು, ರಂಗಕ್ಕ ಬಂದು ನೋಡಿ, ಏನೇ ಕೋತಿ ಹೇನು ಹೆಕ್ಕಿದಂಗೆ, ಅಂದಳು. ಹತ್ತು ದಿನದಲ್ಲಿ ಹದ ಸಿಕ್ಕಿತು. ಬಲಗೈಗೆ ಉರುಳುವುದು ಗೊತ್ತು, ಎಳೆಯನ್ನು ಬೆರಳ ತುಂಬ ಓಡಿಸುತ್ತದೆ, ಎಡಗೈ ಹೊಸ ಸೊಸೆ, ತೋರಿಸಿದ ಜಾಗ ಬಿಟ್ಟು ಕದಲುವುದಿಲ್ಲ, ಎಳೆ ದಿನವೂ ಅದೇ ಜಾಗದಲ್ಲಿ ಕೊರೆಯಿತು, ಉರಿಯಿತು, ಉರಿದರೆ ಉರಿಯಲಿ ಅಂದುಕೊಂಡೆ. ಇತ್ತ ದಿನವೂ ಬಟ್ಟೆ ಬಿಚ್ಚಿ ಬಲಗೈ ನೋಡುವುದು, ಅತ್ತೆ ಒಂದು ಕಡೆ, ನಾನು ಒಂದು ಕಡೆ, ಮೊಳಕೆ ಬಂತೇನೋ ಅನ್ನುವ ಹಾಗೆ. ಮೂವತ್ತನೇ ದಿನ ಅಂಚಿನಲ್ಲಿ ಸಣ್ಣ ಸುಳಿ ಕಂಡಿತು, ಅತ್ತೆ ಬೆರಳಿಗೆ ದೃಷ್ಟಿ ತೆಗೆದರು, ನಾನು ಅದೇನು ಕೂಸಾ ಅಂದೆ, ಸುಮ್ನಿರೇ, ಇದು ಬೆಳೆದರೆ ನಾಳೆ ಕೂಸೂ ಬರ್ತೈತೆ, ಅಂದರು, ಅಂದು ಅತ್ತ ತಿರುಗಿ ಮೂಗು ಒರೆಸಿಕೊಂಡರು.

ಜಂಬುಲಿಂಗಪ್ಪನ ಹೆಂಡತಿ ಹೊನ್ನಕ್ಕ — ಅವರ ಹೆಸರು, ನನ್ನ ಬಾಯಿ ಆಡದ ಹೆಸರು, ಕಚೇರಿಯ ಗೋಡೆಗೆ ಬಡಿದು ನನ್ನ ಮೈಮೇಲೆ ಬಿತ್ತು, ಎದ್ದೆ, ಅತ್ತೆ ಬಟ್ಟೆ ಬಿಚ್ಚಿ ಸೆರಗಿನಲ್ಲಿ ಬೆಣ್ಣೆ ಒರೆಸಿದರು, ಬಲಗೈ ಹೆಬ್ಬೆಟ್ಟು ಬೆಳ್ಳಗೆ, ಸುಳಿ ತುಂಬಿಕೊಂಡು, ಹಬ್ಬಕ್ಕೆ ಸಿಂಗಾರವಾದ ಹಾಗೆ. ಗುಮಾಸ್ತ ಹೊಸಬ, ಎಳೆಯ ವಯಸ್ಸು, ಕನ್ನಡಕ, ತಲೆ ಎತ್ತದೆ ತಗಡು ತಳ್ಳಿದ. ಎಡಗೈ. ನಾನು ಬಲಗೈ ಚಾಚಿದೆ. ಎಡಗೈ ಅಂದೆನಲ್ಲಮ್ಮ, ಇಲ್ಲಿ ಬರೆದೈತೆ ನೋಡು, ಹೋದ ಸಲ ಬಲಗೈ ಒತ್ತಿಸಿದ್ದೇ ತಪ್ಪು. ಅತ್ತೆ ಮುಂದೆ ಬಂದರು, ಏನಪ್ಪಾ ಸ್ವಾಮಿ, ನಲವತ್ತು ದಿನ ಬೆಣ್ಣೆ ತಿಂದಿರೋದು ಬಲಗೈ. ತಿಂದಿದ್ರೆ ತೇಗಲಿ ಬಿಡಜ್ಜಿ, ಸರ್ಕಾರಕ್ಕೆ ಬೇಕಾಗಿರೋದು ಎಡಗೈ. ಕಾಲ ಕೆಳಗಿನ ಕಲ್ಲು ತಣ್ಣಗಾಯಿತು. ಗುಮಾಸ್ತನ ಮುಂದೆ ನಮ್ಮವರು ಕಳಿಸಿದ ಅರ್ಜಿ ಬಿಚ್ಚಿತ್ತು, ತಳದಲ್ಲಿ ಅವರ ಹೆಬ್ಬೆಟ್ಟು, ನಡುವೆ ಬಿಳಿ ಗೆರೆ — ಉಳಿ ಹಿಡಿಯುವುದು ಬಲಗೈ, ಸೀಳಿದ್ದು ಎಡಗೈ, ಕಟ್ಟಿದವಳು ನಾನು, ಐದು ಕಾಗದದಲ್ಲೂ ಎಡಗೈಯೇ ನನ್ನ ಕಣ್ಣೆದುರು ಕೂತು ಇದು ಎಡಗೈ ಕಣೇ ಅಂತ ಹೇಳುತ್ತಿತ್ತು, ಗುರುತು ನೋಡಿದೆನೇ ಹೊರತು ಕೈ ನೋಡಲಿಲ್ಲ, ಜಾಣೆ ನಾನು, ಎರಡು ಕೈಯ ಲೆಕ್ಕ ಹಾಕಿದ ಜಾಣೆ, ಕಾಯಬೇಕಾದ ಕೈಯನ್ನೇ ದುಡಿಮೆಗೆ ಹಚ್ಚಿದೆ. ಎಡಗೈ ಎತ್ತಿದೆ. ಗುಮಾಸ್ತನೇ ಹೆಬ್ಬೆಟ್ಟು ಹಿಡಿದು ಮಸಿಗೆ ಉರುಳಿಸಿ ಕಾಗದಕ್ಕೆ ಉರುಳಿಸಿದ, ಅವರದರ ಪಕ್ಕದಲ್ಲೇ, ಎತ್ತಿದ. ನೋಡಲು ಧೈರ್ಯವಿಲ್ಲ. ಅತ್ತೆಯ ಉಸಿರು ನನ್ನ ಕಿವಿಯ ಹತ್ತಿರ. ಅರೆ, ಅಂದ ಗುಮಾಸ್ತ, ಇದೇನಮ್ಮ, ಗಂಡ ಹೆಂಡ್ತಿ ಮಾತಾಡಿಕೊಂಡು ಮಾಡಿಸಿಕೊಂಡೀರೇನು. ನೋಡಿದೆ. ಕಪ್ಪು ಬೊಟ್ಟು, ಸುತ್ತ ಸುಳಿ ಒಂದೂ ಅಳಿಯದೆ ಕೂತಿವೆ, ನಡುವೆ ಅಡ್ಡಕ್ಕೆ, ರೇಷ್ಮೆ ಎಳೆ ನಲವತ್ತು ದಿನ ಕೊರೆದ ಜಾಗದಲ್ಲಿ, ಒಂದು ಬಿಳಿ ಗೆರೆ.

ಬಾಳ ಸ್ಪಷ್ಟ ಐತೆ, ಅನ್ನುತ್ತಿದ್ದಾನೆ ಗುಮಾಸ್ತ, ಬರೆಯುತ್ತಿದ್ದಾನೆ, ಎಡ ಹೆಬ್ಬೆಟ್ಟಿನಲ್ಲಿ ಅಡ್ಡ ಗೆರೆ, ಖಾಯಂ ಗುರುತು, ಅಲ್ಲಿ ನೋಡೋರಿಗೆ ಸುಲಭ ಆತು, ಇನ್ನು ಆರು ತಿಂಗಳು ಕಾಯ್ರಿ, ಜರ್ಮನಿ ಯುದ್ಧ ನಡೀತಾ ಐತೆ, ಹಡಗು ಕಮ್ಮಿ. ಖಾಯಂ ಅಲ್ಲ ಸ್ವಾಮಿ, ಹತ್ತು ದಿನ ಎಳೆ ಹೊಸೆಯೋದು ಬಿಟ್ಟರೆ ತುಂಬಿಕೊಳ್ಳುತ್ತೆ, ಅನ್ನಲು ಬಾಯಿ ತೆರೆದೆ, ಅತ್ತೆ ಸೊಂಟಕ್ಕೆ ಚಿವುಟಿದರು, ಬಾಯಿ ಮುಚ್ಚಿದೆ. ಜಗಲಿ ಇಳಿದೆವು, ದಾದಾಪೀರ್ ಏನಾತಕ್ಕಾ ಅಂತ ಓಡಿ ಬಂದ, ಅತ್ತೆ ಬಲಗೈಯ ಬಟ್ಟೆಯನ್ನು ಮಡಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಾ, ಇನ್ನು ಆ ಕೈಗೆ ಬೆಣ್ಣೆ ಸಾಕು, ಈ ಕೈ ಬಿಡಬ್ಯಾಡ, ಅಷ್ಟೇ ಅಂದರು, ಅವರಿಗೂ ತಿಳಿದಿದೆ. ಬಿಡುವುದಿಲ್ಲ. ನಾಳಿದ್ದು ಮನೆ ಮುಟ್ಟಿದ ಕೂಡಲೇ ಬೂದಿ ಮುಟ್ಟುತ್ತೇನೆ, ಆರು ತಿಂಗಳು, ಎಡಗೈಯಲ್ಲೇ, ಅದೇ ಜಾಗದಲ್ಲೇ, ಹಡಗು ಹತ್ತುವಾಗ ಎರಡು ಕಟ್ಟು ರೇಷ್ಮೆ, ಸೆರಗಿನ ಗಂಟಿನಲ್ಲಿ ಒಂದು ಹಿಡಿ ಒಲೆ ಬೂದಿ, ಸುತ್ತ ನೀರೋ ನೀರು, ಜನ ನೋಡಿ ಹುಚ್ಚಿ ಅನ್ನಲಿ, ಒಂದು ಎಳೆ, ಮತ್ತೊಂದು, ಕೂಡಿಸುತ್ತಾ ಕೂಡಿಸುತ್ತಾ ದರ್ಬನ್ ತನಕ, ಉರಿಯುತ್ತದೆ, ಉರಿಯಲಿ, ಅಲ್ಲಿ ಯಾರೋ ತಗಡು ತಳ್ಳುತ್ತಾರೆ, ಎಡಗೈ ಅನ್ನುತ್ತಾರೆ, ಈ ಸಲ ಕೇಳುವ ಮೊದಲೇ ಚಾಚುತ್ತೇನೆ, ಬಂದರಿನ ಆಚೆ ಕಟಕಟೆಗೆ ಆತುಕೊಂಡು ಎಡಗಣ್ಣು ಸ್ವಲ್ಪ ಮುಚ್ಚಿ ಯಾರೋ ನಿಂತಿರುತ್ತಾರೆ, ನಾನು ಅತ್ತ ನೋಡುವುದಿಲ್ಲ, ಮೊದಲು ಕಾಗದ ನೋಡುತ್ತೇನೆ, ಪಕ್ಕ ಪಕ್ಕ ಎರಡು ಕಪ್ಪು ಬೊಟ್ಟು, ಅವರದರ ನಡುವೆ, ನನ್ನದರ ನಡುವೆ, ಬಿಳಿ ಗೆರೆ — ಬಿಳಿ ಗೆರೆ —