ಮಾವನವರ ಮಂಚದ ಪಕ್ಕದ ಹೂಜಿ ಗಿಡ

ಯಶಸ್ವಿನಿ ಮಧುಗಿರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಅವಳ ನಡುಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಹೂಜಿ ಗಿಡವಿತ್ತು. ಎಲೆಯ ತುದಿಗೆ ಮುಚ್ಚಳವಿರುವ ಪುಟ್ಟ ಹೂಜಿಗಳು. ಒಳಗೆ ಜಾರಿದ ಹುಳ ಮತ್ತೆ ಮೇಲೆ ಬರುವುದಿಲ್ಲ. ಫಿಲಿಪೈನ್ಸ್‌ನ ಒಂದೇ ಒಂದು ಬೆಟ್ಟದಲ್ಲಿದ್ದ ಜಾತಿ ಅದು. ಆ ಬೆಟ್ಟವನ್ನು ಗಣಿ ನುಂಗಿತ್ತು. ಸಂಶೋಧನೆಗೆ ಹೋದಾಗ ಅನುಮತಿ ಪಡೆದು ತಂದಿದ್ದ ಬೀಜಗಳಲ್ಲಿ ಬದುಕಿದ್ದು ಇದೊಂದೇ. ಮಧುಗಿರಿಯ ಬಿಸಿಲಿಗೆ ಅದು ತಾಳುತ್ತಿರಲಿಲ್ಲ. ಹಾಗಾಗಿ ಪೆಟ್ಟಿಗೆಗೆ ತಂಪಿನ ಯಂತ್ರ ಹಾಕಿಸಿದ್ದಳು.

ಪಕ್ಕದ ಮಂಚದಲ್ಲಿ ಮಾವ ಕಾಡಸಿದ್ದಪ್ಪ. ಶ್ವಾಸಕೋಶ ಕೆಟ್ಟ ಮೇಲೆ ಬಟ್ಟೆ ಅಂಗಡಿಯನ್ನು ಮಗ ಗೌರೀಶನಿಗೆ ಬಿಟ್ಟು, ಮೂಗಿಗೆ ಕರೆಂಟಿನ ಆಕ್ಸಿಜನ್ ಯಂತ್ರದ ಪೈಪು ಹಾಕಿಕೊಂಡು ಮಲಗಿದ್ದರು. ದಿನವೆಲ್ಲ ಗಿಡವನ್ನೇ ನೋಡುತ್ತಿದ್ದರು.

"ನಿನ್ ಹೂಜಿ ಇವತ್ತೊಂದು ನೊಣ ನುಂಗ್ತು ಕಣಮ್ಮ" ಎಂದು ನಗಲು ಹೋಗಿ ಕೆಮ್ಮುತ್ತಿದ್ದರು.

ಏಪ್ರಿಲ್‌ನ ಒಂದು ಬೆಳಿಗ್ಗೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅತ್ತೆ ಶಿವರುದ್ರಮ್ಮ ಕೊಳಾಲಕ್ಕೆ ಮದುವೆಗೆ ಹೋಗಿದ್ದರು, ಗೌರೀಶ ಅಂಗಡಿಯಲ್ಲಿದ್ದ. ಕಾಲೇಜಿನಲ್ಲಿ ಪರೀಕ್ಷೆ ಕೆಲಸದಲ್ಲಿದ್ದ ಯಶಸ್ವಿನಿ ಸುದ್ದಿ ತಿಳಿದು ಮಾವನಿಗೆ ಫೋನ್ ಮಾಡಿದಳು.

"ಮಾವ, ಯುಪಿಎಸ್ ಬ್ಯಾಟರಿ ನಿಮ್ಮ ಆಕ್ಸಿಜನ್ನು, ಗಿಡದ ಯಂತ್ರ ಎರಡನ್ನೂ ಎಳೆಯಲ್ಲ. ಗಿಡದ ಪ್ಲಗ್ ಕಿತ್ತುಬಿಡಿ."

"ಗಿಡ ಹೋಗ್ಬುಡ್ತದಲ್ಲಮ್ಮ?"

"ಹೋದ್ರೆ ಹೋಗ್ಲಿ. ಈಗ್ಲೇ ಕೀಳಿ."

"ಆಯ್ತು ಬುಡು, ಕಿತ್ತೆ."

ಆದರೂ ಮನಸ್ಸು ತಡೆಯದೆ ಅವಳು ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಮನೆಗೆ ಓಡಿಬಂದಳು. ಗಾಜಿನ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಆಕ್ಸಿಜನ್ ಯಂತ್ರದ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಮಾವನ ತುಟಿ ನೀಲಿಗಟ್ಟಿತ್ತು. ಮುಖ ಗಿಡದ ಕಡೆಗೇ ತಿರುಗಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಿಡಕ್ಕೆ ಏನೂ ಆಗಿರಲಿಲ್ಲ. ಮಾವನ ಶಿವಗಣಾರಾಧನೆಯ ದಿನ ಹೊಸ ಹೂಜಿಯೊಂದು ಮುಚ್ಚಳ ತೆರೆಯಿತು. ಶಿವರುದ್ರಮ್ಮ ನಡುಮನೆಗೆ ಕಾಲಿಡುವುದನ್ನೇ ಬಿಟ್ಟರು. ಯಶಸ್ವಿನಿ ಬೆಂಗಳೂರಿನ ಸಂಶೋಧನಾ ಕೇಂದ್ರಕ್ಕೆ ಹೇಳಿಕಳಿಸಿದಳು. ಅವರು ಬಂದ ದಿನ ಗೌರೀಶನೇ ಒಂದು ಕಡೆ ಹಿಡಿದು ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದ.

ವ್ಯಾನು ತಿರುವು ದಾಟಿದ ಮೇಲೆ ಅವನು ಕೇಳಿದ, "ಅಪ್ಪನಿಗೆ ಗಿಡ ಉಳಿಸ್ಬೇಕು ಅನ್ನಿಸ್ತಾ? ಇಲ್ಲಾ ತನಗೇ ಸಾಕಾಗಿತ್ತಾ?"

"ನಂಗೊತ್ತಿಲ್ಲ ರೀ" ಎಂದಳು ಯಶಸ್ವಿನಿ.

ಬೇರೆ ಏನಾದರೂ ಹೇಳುತ್ತಾಳೇನೋ ಎಂದು ಅವನು ಕಾಯುತ್ತಾ ನಿಂತಿದ್ದ. ಅವಳು ನಡುಮನೆಗೆ ಹೋಗಿ, ಪೆಟ್ಟಿಗೆ ಇದ್ದ ಜಾಗವನ್ನು ಗುಡಿಸತೊಡಗಿದಳು.