ಶೇರವಾನಿಯ ತೋಳಿನಲ್ಲಿ ಹಾವು

ಹಾವಗೆಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನ ಮೈಲೂರಿನ ಆ ಮನೆಯಲ್ಲಿ ಮತ್ತೆ ಎಂದಿನಂಥ ಬೆಳಗಾಯಿತು. ಹಾಲಿನವಳು ನೀರು ಬೆರೆಸಿದ ಹಾಲು ತಂದಳು. ಹಾವಗೆಪ್ಪನ ತಾಯಿ ಈರಮ್ಮ ಅವಳನ್ನು ಬೈದಳು. ಔರಾದಿನಿಂದ ಬಂದಿದ್ದ ಅವನ ಅಣ್ಣ ಮಡೆಪ್ಪ ರೊಟ್ಟಿ ತಡವಾಯಿತೆಂದು ಮುಖ ಊದಿಸಿಕೊಂಡ. ಲಿಂಗವಂತರಿಗೆ ಸೂತಕವಿಲ್ಲ, ಆದ್ದರಿಂದ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ಹಸಿವಿಲ್ಲದವರು ಇಬ್ಬರೇ: ಸತ್ತವನ ಹೆಂಡತಿ ಸುಮಿತ್ರಾಬಾಯಿ, ಮತ್ತು ಅವನು ಸಾಕಿದ್ದ ಕೇರೆಹಾವು.

ಸಾಕಿದ್ದ ಎಂಬುದು ಓಣಿಯವರ ಮಾತು. ನಿಜಕ್ಕೂ ಅದು ಕಡ ತಂದ ಹಾವು. ಹಿಂದಿನ ವರ್ಷ ಪ್ಲೇಗಿನ ಸುದ್ದಿ ಬಂದಾಗ ಹಾವಗೆಪ್ಪ ಇಲಿಗಳಿಗೆ ಹೆದರಿ, ಭಾಲ್ಕಿಯ ಕಾಳಿನ ವ್ಯಾಪಾರಿ ಬಾಬುಮಿಯಾನ ಗೋದಾಮಿನಿಂದ ನಾಲ್ಕು ದಿನದ ಮಟ್ಟಿಗೆಂದು ತಂದಿದ್ದ. ನಾಲ್ಕು ದಿನ ಹನ್ನೊಂದು ತಿಂಗಳಾಯಿತು. ಇಲಿಗಳು ಕಡಿಮೆಯಾದವು. ಪ್ಲೇಗು ಬರಲಿಲ್ಲ. ಹಾವಗೆಪ್ಪ ಬಾವಿಯ ನೀರು ಕುಡಿದು ವಿಷಮಜ್ವರದಿಂದ ಸತ್ತ. ಅಷ್ಟು ಮುಂಜಾಗ್ರತೆಯ ಮನುಷ್ಯ.

ದಿನವೂ ಬಚ್ಚಲ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಹಾವು ಅಂದು ಹೊರಗೆ ಬರಲಿಲ್ಲ. ಹುಡುಕಿದರೆ, ಗೂಟದಿಂದ ಜಾರಿ ಬಿದ್ದ ಹಾವಗೆಪ್ಪನ ಶೇರವಾನಿಯ ತೋಳಿನೊಳಗೆ ಸುರುಳಿ ಸುತ್ತಿಕೊಂಡಿತ್ತು. ಈರಮ್ಮ ಹಾಲಿಟ್ಟಳು, ಹುಗ್ಗಿ ಇಟ್ಟಳು. ಮೂಸಲೂ ಇಲ್ಲ. ಮರುದಿನ ಅದರ ಮೈ ಬೂದಿ ಬಣ್ಣಕ್ಕೆ ತಿರುಗಿತು. ಅದರ ಮರುದಿನ ಕಣ್ಣುಗಳು ಹಾಲಿನಂತೆ ಮಸುಕಾದವು.

ನೆರೆಮನೆಯ ಕಾಂತಾಬಾಯಿ ಬಂದು ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕಣ್ಣು ತುಂಬ್ಕೊಂಡದ ನೋಡ್ರಿ. ಮೂಕ ಜೀವಕ್ಕ ತಿಳೀತದ. ಕೆಲವ್ರಿಗೆ ಬಿ.ಎ. ಆದ್ರೂ ತಿಳಿಯೂದಿಲ್ಲ."

ಕೆಲವರು ಎಂದರೆ ಸುಮಿತ್ರಾಬಾಯಿ. ಅವಳು ಇನ್ನೂ ಅತ್ತಿರಲಿಲ್ಲ. ಅಳು ಬಂದರೆ ಅತ್ತೇನು ಎಂದು ಕಾದಿದ್ದಳು, ಅದು ಬರಲಿಲ್ಲ. ಈಗ ಓಣಿಯಲ್ಲಿ ಅವಳಿಗಿಂತ ಹಾವಿಗೇ ಹೆಚ್ಚು ಮರ್ಯಾದೆ.

"ಹೆಸರೇ ಹಾವಗೆಪ್ಪ," ಎಂದ ಮಡೆಪ್ಪ. "ಹಾವಾಗಿ ಬರದ ಮತ್ತೇನಾಗಿ ಬರ್ತಾನ? ತಮ್ಮ ಉಪವಾಸ ಕುಂತಾನ."

"ಅದು ಮಠದ ಹಾವಗಿಸ್ವಾಮಿಗಳ ಹೆಸರು ರೀ, ಭಾವಾರ. ಹಾವಿಗೂ ಅದಕ್ಕೂ ಸಂಬಂಧ ಇಲ್ಲ. ಹಾವು ಪೊರೆ ಬಿಡೂ ಮುಂದ ಉಣ್ಣೂದಿಲ್ಲ, ಕಣ್ಣು ಮಸುಕಾಗ್ತಾವ. ನಾ ಹೈದರಾಬಾದಿನ ಉಸ್ಮಾನಿಯಾ ಕಾಲೇಜಿನಾಗ ಓದೀನಿ."

"ಯಾವ ಭಾಷಾದಾಗ ಓದೀರಿ?"

"ಉರ್ದುದಾಗ."

"ಹಾಂಗಾದ್ರ ಅದು ಉರ್ದು ಹಾವು. ಇದು ನಮ್ಮ ಮನಿ ಹಾವು."



ತಮ್ಮ ಉಪವಾಸ ಕೂತದ್ದು ಏಕೆ ಎಂಬುದೂ ಮಡೆಪ್ಪನಿಗೆ ತಿಳಿದಿತ್ತು. ಹೈದರಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸುಮಿತ್ರಾಬಾಯಿಗೆ ಕೆಲಸ ಸಿಕ್ಕಿತ್ತು. ಅರ್ಜಿಯನ್ನು ಹಾವಗೆಪ್ಪನೇ ಟಪಾಲಿಗೆ ಹಾಕಿದ್ದ. ಹತ್ತು ದಿನದೊಳಗೆ ಅಲ್ಲಿ ಹಾಜರಾಗಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಔರಾದಿನಲ್ಲಿ ಮಡೆಪ್ಪನಿಗೆ ಐದು ಮಕ್ಕಳು, ಎರಡು ಎಮ್ಮೆ, ಮೂರು ವ್ಯಾಜ್ಯ. ಬಿ.ಎ. ಓದಿದ ವಿಧವೆ ಎಲ್ಲಕ್ಕೂ ಒದಗುತ್ತಾಳೆ.

"ನಾ ಏನೂ ಅನ್ನೂದಿಲ್ಲ, ತಂಗೀ," ಎಂದ ಅವನು. "ನನಗ್ಯಾಕ ಬೇಕು. ಹೋಗಬ್ಯಾಡ ಅಂತ ತಮ್ಮನೇ ಹೇಳಾಕತ್ತಾನ. ಅಂವ ಊಟ ಮಾಡಿದ ದಿನ ನೀವು ಹೋಗ್ರಿ."

ಈರಮ್ಮ ಹೂಂ ಎಂದಳು. ಮಗ ಬದುಕಿದ್ದಾಗ ಅವನ ಕೋಣೆಗೆ ಕಾಲಿಡದವಳು ಈಗ ದಿನವಿಡೀ ಅಲ್ಲೇ ಕೂತು ಶೇರವಾನಿಯ ಜೊತೆ ಮಾತಾಡುತ್ತಿದ್ದಳು. ಅದನ್ನು ಮಾತ್ರ ಸುಮಿತ್ರಾಬಾಯಿ ತಮಾಷೆ ಮಾಡಲಾರದೆ ಹೋದಳು. ಬಾಗಿಲ ಬಳಿ ನಿಂತು ನೋಡಿ, ಹಿಂದಿರುಗಿ ಬಂದು ಹಿಟ್ಟು ನಾದಿದಳು.

ಎಂಟನೆಯ ದಿನ ತೋಳಿನ ತುದಿಯಲ್ಲಿ ಉದ್ದನೆಯ ಪೊರೆ ಸಿಕ್ಕಿತು, ಕಾಲುಚೀಲ ಕಳಚಿದಂತೆ ಒಳಗಿನದು ಹೊರಗಾಗಿ. ತಾನು ಹೇಳಿದ್ದು ಖರೆಯಾಯಿತೆಂದು ಸುಮಿತ್ರಾಬಾಯಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಡೆಪ್ಪ ಪೊರೆಯನ್ನು ತಾಟಿನಲ್ಲಿಟ್ಟು ಹೊರಗೆ ಬಂದಿದ್ದ.

"ಹಳೀ ದೇಹ ಬಿಟ್ಟಾನ. ಇನ್ನ ಈ ಮನಿ ಬಿಟ್ಟು ಹೋಗೂದಿಲ್ಲ. ಯಾರೂ ಹೋಗೂದಿಲ್ಲ."

ಹೊಸ ದೇಹಕ್ಕೆ ವಿಭೂತಿ ಹಚ್ಚಲು ಅಯ್ಯನವರಿಗೆ ಹೇಳಿ ಕಳಿಸಿದರು. ಅಯ್ಯನವರು ಬಂದರು, ಓಣಿಯವರು ಪಡಸಾಲೆ ತುಂಬ ಕೂತರು. ಹಾಲಿನ ಬಟ್ಟಲು, ಬಾಳೆಹಣ್ಣು, ಹೂವು ಎಲ್ಲ ಸಿದ್ಧವಾಯಿತು. ಹಾವು ಕೋಣೆಯಿಂದ ಹೊರಗೆ ಬಂತು. ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು, ಕಣ್ಣುಗಳು ನಿಚ್ಚಳವಾಗಿದ್ದವು. ಕಾಂತಾಬಾಯಿ ಕೈ ಮುಗಿದಳು. ಹಾವು ಬಟ್ಟಲನ್ನು ದಾಟಿತು, ಹೂವನ್ನು ದಾಟಿತು, ಜೋಳದ ಚೀಲದ ಸಂದಿಗೆ ತಲೆ ಹಾಕಿ ಒಂದು ಇಲಿಯನ್ನು ಹಿಡಿದು ಪಡಸಾಲೆಯ ನಡುವೆ ಎಳೆದು ತಂದಿತು.

ಐದಾರು ದಿನದ ಹಸಿವು. ಆದರೂ ಅವಸರ ಮಾಡಲಿಲ್ಲ. ಬಾಲ ಕೊನೆಗೆ ಹೋಯಿತು.



"ಇದು ಭವಿ ಹಾವದ ರೀ, ಲಿಂಗವಂತರದಲ್ಲ," ಎಂದು ಅಯ್ಯನವರು ವಿಭೂತಿಯ ಚೀಲ ಕಟ್ಟಿಕೊಂಡರು.

ಈರಮ್ಮ ಎದ್ದು ನಿಂತಳು. "ಇದು ನನ್ನ ಮಗ ಅಲ್ಲ. ನನ್ನ ಮಗ ಹುಟ್ಟಿದಾಗಿಂದ ಮಾಂಸದ ವಾಸನಿ ಸೈತ ಕಂಡಾಂವಲ್ಲ. ಹೌದಿಲ್ಲೋ, ಸುಮಿತ್ರಾ?"

ಮದುವೆಯಾದ ವರ್ಷ ಹೈದರಾಬಾದಿನಲ್ಲಿ ಹಾವಗೆಪ್ಪ ಒಂದೇ ಸಂಜೆ ಒಂಬತ್ತು ಶಾಮಿ ಕಬಾಬು ತಿಂದು, ಅವಳ ಸೆರಗಿನಲ್ಲಿ ಕೈ ಒರೆಸಿ, ಅವ್ವಗ ಹೇಳಬ್ಯಾಡ ಎಂದಿದ್ದ. ಸುಮಿತ್ರಾಬಾಯಿ ಅತ್ತೆಯ ಮುಖ ನೋಡಿದಳು.

"ಹೌದು ರೀ, ಅತ್ತಿ. ಕಂಡಾಂವಲ್ಲ."

ಮಡೆಪ್ಪ ಬಡಿಗೆ ಹುಡುಕುತ್ತಿದ್ದ. ಆಗಷ್ಟೇ ತಮ್ಮನಾಗಿದ್ದುದನ್ನು ಈಗ ಹೊಡೆಯಬೇಕು. ಅವಳು ಅಡ್ಡ ಬಂದು ಹಾವನ್ನು ಎತ್ತಿ ಬುಟ್ಟಿಗೆ ಹಾಕಿ ಮುಚ್ಚಳ ಬಿಗಿದಳು.

"ಇದು ಮಂದಿ ಹಾವು, ಭಾವಾರ. ನಾಳೆ ಭಾಲ್ಕಿಗೆ ಒಯ್ದು ಕೊಡ್ತೇನಿ. ನಾಡದು ಹೈದರಾಬಾದಕ್ಕ ಹೋಗ್ತೇನಿ."

ಬೇಡ ಎನ್ನಲು ಮಡೆಪ್ಪ ಬಾಯಿ ತೆರೆದ. ತಾನು ಏನೂ ಅನ್ನುವುದಿಲ್ಲವೆಂದು ಇಷ್ಟು ದಿನ ಓಣಿಯ ಎದುರು ಹೇಳಿದ್ದ. ಅನ್ನಬೇಕಾದವನು ಇಲಿ ತಿಂದು ಬುಟ್ಟಿಯಲ್ಲಿದ್ದ.

ಭಾಲ್ಕಿಯ ಗೋದಾಮಿನಲ್ಲಿ ಬಾಬುಮಿಯಾ ಬುಟ್ಟಿ ನೋಡಿ ನಕ್ಕ.

"ನಾಲ್ಕು ದಿನ ಅಂದಿದ್ರು ಸಾಹೇಬ್ರು. ಬೈಬೇಕಂತ ಕಾಯಾಕತ್ತಿದ್ದೆ. ಅವರು ಬರಲಿಲ್ಲೇನ್ರಿ, ಬಾಯಿಯವರ?"

"ಬರೂದಿಲ್ರಿ," ಎಂದಳು. ಆ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಅವಳಿಗೇ ಹೇಳುತ್ತಿದ್ದರು. "ತೀರಿಕೊಂಡರು. ಇವತ್ತಿಗೆ ಒಂಬತ್ತು ದಿನ."

ಬಾಬುಮಿಯಾ ಟೋಪಿ ಸರಿಪಡಿಸಿಕೊಂಡ. ಆಮೇಲೆ ಕೇಳಿದ: "ಇದು ತ್ರಾಸು ಕೊಡಲಿಲ್ಲ ಹೌದಿಲ್ರಿ?"

"ಇಲ್ರಿ. ಪೊರೆ ಬಿಡ್ತು. ನಿನ್ನೆ ಒಂದು ಇಲಿ ತಿಂದದ. ಒಂದೆರಡು ದಿನ ಮುಟ್ಟಬ್ಯಾಡ್ರಿ."

ಅವಳು ಮುಚ್ಚಳ ತೆಗೆದು ಬುಟ್ಟಿಯನ್ನು ಕಾಳಿನ ಚೀಲಗಳ ಮುಂದೆ ಓರೆ ಮಾಡಿದಳು.