ಪಿನ್ನಿನ ಮೇಲಿನ ಕೆಂಪು ದಾರ

ಇಂದುಬಾಯಿ ಹಿಡಿಯನ್ನು ಎಳೆದಳು. ಕೆಂಪು ದಾರ ಹರಿಯಿತು, ಪಿನ್ನು ಜಾರಿತು, ನನ್ನೊಳಗಿನ ಸ್ಪ್ರಿಂಗು ಪುಟ್ಟ ಕೊಡೆಯೊಂದನ್ನು ಹೊತ್ತು ಮೇಲಕ್ಕೆ ಚಿಮ್ಮಿತು. ಚಾವಣಿಗೆ ತಾಗಿ ಮೇಜಿನ ಮೇಲೆ ಬಿತ್ತು. ನಾನು ಕಂಡ ಆಕಾಶ ಅಷ್ಟೇ: ತಗಡು, ಒಂದು ಫ್ಯಾನು, ಜಂತಿಯ ಸಂದಿಯಲ್ಲೊಂದು ಗುಬ್ಬಿಗೂಡು.

ನಾನು ಒಂದು ಪ್ಯಾರಾಶೂಟು. ಎಂಜಿನ್ ಇಲ್ಲದೆ ಗಾಳಿಯ ಮೇಲೆ ತೇಲುವ ಗ್ಲೈಡರಿನಲ್ಲಿ ಕೂರುವವರು ಆಪತ್ತಿಗೆಂದು ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ನನ್ನನ್ನು ಹೊಲಿದ ಕಾರ್ಖಾನೆಯಲ್ಲಿ ಹೆಂಗಸರು ನನ್ನ ಬಟ್ಟೆಯನ್ನು ಗಾಜಿನ ಮೇಜಿನ ಮೇಲೆ ಹರಡಿ, ಕೆಳಗೆ ದೀಪ ಹಚ್ಚಿ, ತೂತು ಹುಡುಕಿದ್ದರು. ಅಷ್ಟು ಬೆಳಕನ್ನು ನಾನು ಮತ್ತೆ ಕಾಣಲಿಲ್ಲ. ಮಡಚಿ ಚೀಲಕ್ಕೆ ತುಂಬಿದರು. ಅಲ್ಲಿಂದಾಚೆಗೆ ನನ್ನ ಆಯುಷ್ಯವೆಂದರೆ ಬಹುತೇಕ ಕತ್ತಲೆ.

ಮೊದಲ ಯಜಮಾನ ಡಿಸಿಲ್ವಾ ಎಂಬ ತರುಣ. ನನ್ನನ್ನು ತಲೆದಿಂಬು ಮಾಡಿಕೊಂಡು ಇಬ್ಬನಿಯ ಹುಲ್ಲಿನಲ್ಲಿ ಮಲಗುತ್ತಿದ್ದ. ಮದುವೆಯಾಯಿತು, ಹಾರುವುದನ್ನು ಬಿಟ್ಟ, ನನ್ನನ್ನು ಹುಬ್ಬಳ್ಳಿಯ ಆಚೆ ಎರೆಮಣ್ಣಿನ ಬಯಲಿನಲ್ಲಿದ್ದ ಒಂದು ಸಣ್ಣ ಕ್ಲಬ್ಬಿಗೆ ಕೊಟ್ಟುಬಿಟ್ಟ. ಅಲ್ಲಿ ನನಗೆ ಸಿಕ್ಕಿದ್ದು ಮುನವಳ್ಳಿ ಸಾಹೇಬರ ಬೆನ್ನು. ಹತ್ತಿ ವ್ಯಾಪಾರಿ. ನೆಲದ ಮೇಲೆ ಎಲ್ಲರ ಮೇಲೂ ರೇಗುವ ಮನುಷ್ಯ, ಮೇಲೆ ಹೋದರೆ ಹದ್ದುಗಳ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು. ಅವರ ಎದೆಬಡಿತ ನನಗೆ ಬಾಯಿಪಾಠವಾಗಿತ್ತು. ಅವರು ಮಾತ್ರ ಒಮ್ಮೆಯೂ ತಿರುಗಿ ನನ್ನನ್ನು ನೋಡಲಿಲ್ಲ. ನಾನು ಎಂದೂ ಬಿಚ್ಚಿಕೊಳ್ಳದಿರಲಿ ಎಂದು ಹಾರೈಸುವವರ ಬೆನ್ನಿಗೆ ಅಂಟಿಕೊಂಡು ನಾನು ಬದುಕಿದೆ.

ಬಿಚ್ಚಿ ನೋಡುತ್ತಿದ್ದವಳು ಇಂದುಬಾಯಿ ಬಾಕಳೆ ಒಬ್ಬಳೇ. ನೇಕಾರರ ಮನೆಯವಳು. ಕ್ಲಬ್ಬಿನ ಪ್ಯಾರಾಶೂಟುಗಳನ್ನೆಲ್ಲ ಮಡಚುತ್ತಿದ್ದವಳು. ಆರಾರು ತಿಂಗಳಿಗೆ ನನ್ನನ್ನು ಜಂತಿಗೆ ತೂಗುಬಿಟ್ಟು ಗಾಳಿಗೆ ಆರಿಸುವಳು, ಹಗ್ಗಗಳ ಸಿಕ್ಕು ಬಿಡಿಸುವಳು, ಮಡಿಕೆಯ ಮೇಲೆ ಮರಳಿನ ಚೀಲ ಹೇರುವಳು. ಕೊನೆಗೆ ಪಿನ್ನಿನ ಮೇಲೆ ತೆಳ್ಳನೆಯ ಕೆಂಪು ದಾರ ಕಟ್ಟಿ ಮೊಹರಿನಂತೆ ಸೀಸದ ಮಣಿ ಒತ್ತುವಳು. ಆ ದಾರ ಹರಿಯದೆ ಇದ್ದರೆ ನನ್ನನ್ನು ಕೊನೆಗೆ ಮುಟ್ಟಿದ ಕೈ ಅವಳದೇ ಎಂದರ್ಥ. ದಾರವಿಲ್ಲದ ಪ್ಯಾರಾಶೂಟು ಕಟ್ಟಿಕೊಂಡವರನ್ನು ಗ್ಲೈಡರಿಗೆ ಹತ್ತಿಸುತ್ತಿರಲಿಲ್ಲ.

ಅವಳು ಮಾತ್ರ ಹಾರಿದವಳಲ್ಲ.

"ಸಾಹೇಬ್ರ, ನಂದೂ ಒಂದು ಪಾಳಿ ಇಡ್ರಿ," ಎನ್ನುವಳು.

"ಮುಂದಿನ ಸಲ, ಇಂದುಬಾಯಿ. ನಿಮ್ಮನ್ನ ಕರ್ಕೊಂಡು ಹೋದ್ರ ಮ್ಯಾಲೂ ನನಗ ಬೈತೀರಿ."

"ಮ್ಯಾಲ ಬೈಸ್ಕೊಳ್ಳಾಕ ಬ್ಯಾರೆ ಯಾರದಾರ?"

ಇಬ್ಬರೂ ನಗುತ್ತಿದ್ದರು. ಮುಂದಿನ ಸಲ ಬರಲಿಲ್ಲ. ಬಯಲು ಮಾರಾಟವಾಯಿತು. ಗ್ಲೈಡರುಗಳು, ಪ್ಯಾರಾಶೂಟುಗಳು ಲಾರಿಯಲ್ಲಿ ಬೇರೆ ಊರಿಗೆ ಹೋದವು. ಉಳಿದದ್ದು ಎರಡು ಸೀಟಿನ ಒಂದು ಹಳೆಯ ಗ್ಲೈಡರು, ಅದನ್ನು ಹಾರಿಸುವ ಅಮೋಘ ಎಂಬ ಶಿಕ್ಷಕ, ಅವನ ಬೆನ್ನಿಗೊಂದು ಒಳ್ಳೆಯ ಪ್ಯಾರಾಶೂಟು. ಮತ್ತೆ, ಮುಂದಿನ ಸೀಟಿನವರಿಗೆ ನಾನು. ಮರುದಿನ ಕೊನೆಯ ಹಾರಾಟ. ಸಾಹೇಬರ ಕಣ್ಣು ಮಂಜಾಗಿತ್ತು, ಅಮೋಘ ಹಿಂದೆ ಕೂತರೆ ಮಾತ್ರ ಅವರು ಹಾರಬಹುದಿತ್ತು. ಆದರೆ ಕಾರ್ಖಾನೆ ನನಗೆ ಬರೆದ ಆಯುಷ್ಯ ಮುಗಿದಿತ್ತು.

"ಒಂದು ಸಲ ಮಡಚಿ ಕೊಡ್ರಿ," ಎಂದು ಅವರೇ ನನ್ನನ್ನು ಹೆಗಲ ಮೇಲೆ ಹೊತ್ತು ತಂದರು. ಆಗಲೇ ಅವಳು ಹಿಡಿ ಎಳೆದದ್ದು.

ನನಗೆ ಗೊತ್ತಿತ್ತು, ಎಲ್ಲಿ ಸೋತಿದ್ದೇನೆಂದು. ಇಬ್ಬನಿ, ವರ್ಷಗಟ್ಟಲೆ ಇಳಿದ ಬೆವರು, ಗ್ಲೈಡರಿನ ಗಾಜಿನಡಿಯ ಬಿಸಿಲು ಸೇರಿ ನನ್ನ ಬಟ್ಟೆಯ ಒಂದು ಪಟ್ಟಿ ಸತ್ತುಹೋಗಿತ್ತು. ಬಟ್ಟೆಗೆ ಸಾಧ್ಯವಿದ್ದಷ್ಟು ಅದನ್ನು ಮಡಿಕೆಯೊಳಗೆ ಬಚ್ಚಿಟ್ಟುಕೊಂಡೆ. ನಾಳೆಯ ಹಾರಾಟ ನನಗೂ ಬೇಕಿತ್ತು. ಇಂದುಬಾಯಿಯ ಹೆಬ್ಬೆರಳು ಪಟ್ಟಿಯಿಂದ ಪಟ್ಟಿಗೆ ನಡೆಯುತ್ತ ಬಂದು ಅಲ್ಲೇ ನಿಂತಿತು. ಎರಡೂ ಕೈಯಲ್ಲಿ ಹಿಡಿದು ಎಳೆದಳು. ಹೊಲಿಗೆಯ ಪಕ್ಕದಲ್ಲಿ ಎಳೆಗಳು ಸದ್ದಿಲ್ಲದೆ ಸರಿದವು. ಆ ಕಿಂಡಿಯಲ್ಲಿ ಬೆರಳು ತೂರಿಸಿ ಸಾಹೇಬರಿಗೆ ತೋರಿಸಿದಳು.

ಈಗ ಅವಳ ಮನೆಯ ಅಟ್ಟದಲ್ಲಿ, ಹಳೆಯ ಮಗ್ಗದ ಮರಗಳ ಪಕ್ಕದಲ್ಲಿದ್ದೇನೆ. ಯಾರೂ ಬಿಚ್ಚುವುದಿಲ್ಲ. ಒಬ್ಬರನ್ನೂ ನಾನು ಉಳಿಸಲಿಲ್ಲ ಎಂದುಕೊಳ್ಳುತ್ತಿದ್ದೆ. ಆ ಮಧ್ಯಾಹ್ನ ಅವಳು ಉಳಿಸಿದ್ದು ಯಾರನ್ನು ಎಂದು ಈಗ ಯೋಚಿಸುತ್ತೇನೆ. ಅವಳ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಂದು ಸಾಹೇಬರು ಕಿಂಡಿಯನ್ನು ಬಹಳ ಹೊತ್ತು ನೋಡಿದರು. ನನ್ನನ್ನು ಅವರು ನೋಡಿದ್ದು ಅದೇ ಮೊದಲು.

"ಇಷ್ಟು ವರ್ಷ ಬಿಚ್ಚೂ ಪ್ರಸಂಗ ಬಂದಿಲ್ಲ. ನಾಳೆ ಒಂದು ದಿನ ಬರ್ತದೇನ್ರಿ?"

ಅವಳು ಕಿಂಡಿಯಿಂದ ಬೆರಳು ತೆಗೆದಳು.

"ನಾ ಇಳಿದ ಮ್ಯಾಲ ಇದನ್ನ ನಿಮ್ಮ ಬೆನ್ನಿಗೆ ಕಟ್ತೀನಿ. ಅಮೋಘ ನಿಮ್ಮನ್ನ ಮ್ಯಾಲ ಒಯ್ತಾನ. ಹದ್ದು ಹಾರೂ ಎತ್ತರದ ತನಕ. ಮುಂದಿನ ಸಲ ಅನ್ನೂದು ಇಲ್ಲ ಇನ್ನ, ಇಂದುಬಾಯಿ. ಒಂದು ದಾರ ಕಟ್ರಿ."

ಅವಳ ಬೆನ್ನು. ಆ ಬೆನ್ನಿನ ಮೇಲೆ ಹೇಗಿರುತ್ತಿತ್ತೋ. ತೆರೆದ ಬಾಗಿಲಿನಾಚೆ ಬಯಲು ಕಾದಿತ್ತು, ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತಿತ್ತು. ಇಂದುಬಾಯಿ ಅದು ಚುಕ್ಕೆಯಾಗುವ ತನಕ ನೋಡಿದಳು. ಆಮೇಲೆ ಹೊಸದಾಗಿ ಕಟ್ಟಲೆಂದು ಉಂಡೆಯಿಂದ ಬಿಚ್ಚಿಟ್ಟಿದ್ದ ಕೆಂಪು ದಾರವನ್ನು ಮತ್ತೆ ಉಂಡೆಗೆ ಸುತ್ತತೊಡಗಿದಳು.

"ದಾರಾನೂ ಕಟ್ಟಂಗಿಲ್ಲ," ಎಂದಳು. "ನಾನೂ ಬರಂಗಿಲ್ಲ."